ಹಳ್ಳಿಯ ಸಣ್ಣ ಕಸಾಯಿಖಾನೆ ಮುಚ್ಚಿಹೋಗದಂತೆ ನಡೆಸುವುದು ಹೇಗೆ?

ಪುಣೆ ಜಿಲ್ಲೆಯ ಶಿರೂರು, ದೌಂಡ್, ಇಂದಾಪುರ ತಾಲ್ಲೂಕುಗಳಲ್ಲಿ ಜಮೀನು ಮಾಡಿಕೊಂಡು ಉಸ್ಮಾನಾಬಾದಿ ಅಥವಾ ಸಂಗಮನೇರಿ ತಳಿಯ ಆಡು ಸಾಕುತ್ತಿರುವ ಕನ್ನಡಿಗರಿಗೆ, ಊರಿನಲ್ಲಿ ಸಣ್ಣದೊಂದು ಕಸಾಯಿಖಾನೆ ಇದೆಯೋ ಇಲ್ಲವೋ ಎಂಬುದು ನೇರವಾಗಿ ಆದಾಯದ ಪ್ರಶ್ನೆ. ಇದ್ದರೆ, 25 ಕಿಲೋ ತೂಗುವ ಹೋತದಿಂದ ಸಿಗುವ ಸುಮಾರು 11–12 ಕಿಲೋ ಮಾಂಸವನ್ನು ರೈತನೇ ತೂಗಿ ಮಾರಬಹುದು. ಇಲ್ಲದಿದ್ದರೆ ಕಣ್ಣಂದಾಜಿನಲ್ಲಿ ಬೆಲೆ ಕಟ್ಟುವ ದಲಾಲಿಗೆ ಒಪ್ಪಿಸಬೇಕು. ಎರಡು ಆಡುಗಳಿಗಾಗಿ ಪುಣೆಗೋ ಮುಂಬಯಿಯ ದೇವನಾರದ ದೊಡ್ಡ ಕಸಾಯಿಖಾನೆಗೋ ಟೆಂಪೊ ಮಾಡಿಕೊಂಡು ಹೋದರೆ ಬಾಡಿಗೆಗೇ ಲಾಭವೆಲ್ಲ ಸರಿಹೋಗುತ್ತದೆ. ನಾನು ಕಂಡಂತೆ ಇಂಥ ಕೊಠಡಿಗಳು ಗಿರಾಕಿಗಳಿಲ್ಲದೆ ಮುಚ್ಚುವುದು ಅಪರೂಪ. ಗಟಾರದ ನಾತ ತಾಳಲಾರದೆ ನೆರೆಯವರು ಪಂಚಾಯಿತಿಗೆ ದೂರು ಕೊಟ್ಟು ಮುಚ್ಚಿಸುವುದೇ ಹೆಚ್ಚು.

ಹಂತ 1: ನೋಂದಣಿ. ಆಹಾರ ಸುರಕ್ಷತೆಯ 2011ರ ನಿಯಮಾವಳಿಯ ಪ್ರಕಾರ ದಿನಕ್ಕೆ 10 ಆಡು-ಕುರಿಗಳವರೆಗೆ ಕೊಯ್ಯುವವರಿಗೆ ನೋಂದಣಿ ಸಾಕು. ಅದನ್ನು ಮೀರಿ 150ರವರೆಗೆ ರಾಜ್ಯದ ಪರವಾನಗಿ ಬೇಕು. ಗ್ರಾಮ ಪಂಚಾಯಿತಿಯ ನಿರಾಕ್ಷೇಪಣಾ ಪತ್ರವನ್ನು ಮೊದಲು ಪಡೆಯಿರಿ, ಅರ್ಜಿಯನ್ನು ಆನ್‌ಲೈನಿನಲ್ಲಿ ನೀವೇ ತುಂಬಿರಿ. ಇಷ್ಟು ಕೆಲಸಕ್ಕೆ ಸಾವಿರಗಟ್ಟಲೆ ಕೇಳುವ ಏಜೆಂಟರ ಗೊಡವೆ ಬೇಡ. ಮಹಾರಾಷ್ಟ್ರದಲ್ಲಿ ಹಸುವಿನ ಜೊತೆಗೆ ಹೋರಿ ಮತ್ತು ಎತ್ತುಗಳ ವಧೆಯೂ 2015ರಿಂದ ನಿಷಿದ್ಧವಾಗಿರುವುದರಿಂದ ಈ ಲೇಖನ ಆಡು-ಕುರಿಗಳಿಗೆ ಮಾತ್ರ ಸೀಮಿತವಾಗಿದೆ.

ಹಂತ 2: ಪ್ರಾಣಿಯ ಸಿದ್ಧತೆ. ಹಿಂದಿನ ರಾತ್ರಿ ಮೇವು ಕೊಡದೆ ನೀರನ್ನಷ್ಟೇ ಇಟ್ಟರೆ ಹೊಟ್ಟೆಯ ಭಾರ ಇಳಿಯುತ್ತದೆ, ಮುಂದೆ ಕೊಳೆಯೂ ಕಡಿಮೆಯಾಗುತ್ತದೆ. ಪಶುವೈದ್ಯರು ನೋಡದ ಪ್ರಾಣಿಯನ್ನು, ಗಬ್ಬದ ಆಡನ್ನು, ಮೂರು ತಿಂಗಳು ತುಂಬದ ಮರಿಯನ್ನು ಕೊಯ್ಯುವಂತಿಲ್ಲ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯುವಂತೆಯೂ ಇಲ್ಲ. ತಾನಾಗಿ ಸತ್ತ ಪ್ರಾಣಿಯನ್ನು ಒಳಗೆ ಸೇರಿಸಲೇಬೇಡಿ. ಅದರ ಮೂಗು ಅಥವಾ ಗುದದಿಂದ ಹೆಪ್ಪುಗಟ್ಟದ ರಕ್ತ ಬರುತ್ತಿದ್ದರೆ ಅದು ಮನುಷ್ಯರಿಗೂ ತಗಲುವ ಆಂಥ್ರಾಕ್ಸ್ ರೋಗ ಇರಬಹುದು. ಚಾಕು ತಾಗಿಸದೆ ಪಶುವೈದ್ಯರಿಗೆ ತಿಳಿಸಿರಿ.

ಹಂತ 3: ಕೊಯ್ಯುವುದು, ಸುಲಿಯುವುದು. ಅನುಭವಿ ಖಾಟಿಕರಿಗೆ (ಕೊಯ್ಯುವ ವೃತ್ತಿಯವರಿಗೆ) ಇದನ್ನು ಹೇಳಿಕೊಡಬೇಕಾಗಿಲ್ಲ. ನೆಲದ ಮೇಲೆ ಕೆಡವದೆ ಕೊಕ್ಕೆಗೆ ತೂಗುಹಾಕಿ ಸುಲಿಯಬೇಕು, ಗುದವನ್ನು ಮೊದಲೇ ದಾರದಿಂದ ಕಟ್ಟಬೇಕು, ಚಾಕುವನ್ನು 82 ಡಿಗ್ರಿ ಬಿಸಿನೀರಿನಲ್ಲಿ ಆಗಾಗ ಅದ್ದಬೇಕು.

ಹಂತ 4: ರಕ್ತ ಮತ್ತು ಹೊಟ್ಟೆಯ ಹೊಲಸು. ಬಹುತೇಕ ಎಲ್ಲರೂ ಎಡವುವುದು ಇಲ್ಲಿಯೇ, ಅದೂ ಕೈಯಲ್ಲಿ ನೀರಿನ ಪೈಪು ಹಿಡಿದು. ಒಂದು ಆಡಿನಿಂದ ಬರುವ ರಕ್ತ ಹೆಚ್ಚುಕಡಿಮೆ ಒಂದು ಲೀಟರ್ ಮಾತ್ರ. ಆದರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುವ ಲೆಕ್ಕದಲ್ಲಿ ಅದು ಮನೆಬಳಕೆಯ ಕೊಳಚೆಗಿಂತ ನೂರಾರು ಪಟ್ಟು ಪ್ರಬಲ. ಅದನ್ನು ನೀರು ಹೊಯ್ದು ಗಟಾರಕ್ಕೆ ಸಾಗಿಸಿದರೆ ಹೊಲಸು ಕರಗುವುದಿಲ್ಲ, ಹರಡುತ್ತದೆ. ಆದ್ದರಿಂದ ಕೊಯ್ಯುವಾಗಲೇ ಕೊರಳ ಕೆಳಗೆ ಅಗಲವಾದ ಸ್ಟೀಲ್ ತಟ್ಟೆಯನ್ನಿಟ್ಟು ರಕ್ತವನ್ನು ಹಿಡಿಯಬೇಕು. ನೆಲಕ್ಕೆ ಬಿದ್ದದ್ದರ ಮೇಲೆ ಒಣ ಹೊಟ್ಟು ಚೆಲ್ಲಿ, ಬಳಿದು ತೆಗೆದ ಮೇಲೆಯೇ ನೀರು ಮುಟ್ಟಬೇಕು. ಬಿಳಿ ಫಿನಾಯಿಲನ್ನು ಒಳಗೆ ತರಬೇಡಿ: ಅದು ನಾತವನ್ನು ಎರಡು ಗಂಟೆ ಮುಚ್ಚಿಡುತ್ತದೆ, ಮಾಂಸಕ್ಕೆ ಅದರ ವಾಸನೆ ಹತ್ತುತ್ತದೆ, ಗೊಬ್ಬರದ ಗುಡ್ಡೆಯಲ್ಲಿರುವ ಸೂಕ್ಷ್ಮಜೀವಿಗಳೂ ಸಾಯುತ್ತವೆ.

ಹಿಡಿದ ರಕ್ತವನ್ನೂ ಹೊಟ್ಟೆಯಿಂದ ತೆಗೆದ ಅರೆಜೀರ್ಣ ಮೇವನ್ನೂ ಅದೇ ದಿನ ಗೊಬ್ಬರದ ಗುಡ್ಡೆಗೆ ಸೇರಿಸಬೇಕು. ಬಾವಿಯಿಂದ ದೂರದ ಎತ್ತರದ ಜಾಗದಲ್ಲಿ, ಮಳೆ ಬೀಳದಂತೆ ಮೇಲೆ ತಗಡು ಹಾಕಿಸಿ, ತಳಕ್ಕೆ ಒಂದು ಅಡಿ ಒಣ ಪದಾರ್ಥ ಹಾಸಿರಿ. ಈ ಭಾಗದಲ್ಲಿ ಕಬ್ಬಿನ ರವದಿ (ಒಣ ಎಲೆ) ಬೇಕಾದಷ್ಟು ಸಿಗುತ್ತದೆಯಾದರೂ ಅದನ್ನು ಕತ್ತರಿಸದೆ ಹಾಕಿದರೆ ನಡುವೆ ಪೊಳ್ಳು ಉಳಿದು ಗುಡ್ಡೆ ಬಿಸಿಯೇರುವುದಿಲ್ಲ. ನನ್ನ ಆಯ್ಕೆ ಸೋಯಾಬೀನ್ ಹೊಟ್ಟು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿದಾಗ ಉಳಿಯುವ ಮಡ್ಡಿ) ಪುಕ್ಕಟೆ ಸಿಕ್ಕರೂ ಬೇಡ, ಅದೇ ಒದ್ದೆಯಾಗಿರುತ್ತದೆ. ರಕ್ತವನ್ನು ಹೊಟ್ಟಿನೊಂದಿಗೆ ಕಲಸಿ ನಡುಭಾಗದಲ್ಲಿಟ್ಟು, ಮೇಲೆ ಕನಿಷ್ಠ ಅರ್ಧ ಅಡಿ ಒಣ ಹೊಟ್ಟು ಮುಚ್ಚಿರಿ. ಒಂದು ಹಿಡಿಯನ್ನು ಮುಷ್ಟಿಯಲ್ಲಿ ಹಿಂಡಿದಾಗ ಅಂಗೈ ತೇವವಾಗಬೇಕು, ಹನಿ ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಇನ್ನಷ್ಟು ಹೊಟ್ಟು ಬೇಕು. ಕೆಲವೇ ದಿನಗಳಲ್ಲಿ ಒಳಗಿನ ಶಾಖ 55 ಡಿಗ್ರಿ ದಾಟಬೇಕು. ಏರದಿದ್ದರೆ ಗುಡ್ಡೆ ತೀರ ಒದ್ದೆಯಾಗಿದೆ ಅಥವಾ ತೀರ ಚಿಕ್ಕದಾಗಿದೆ. ಬೇಗ ಕಳಿಯುತ್ತದೆಂದು ಮಾರುವ ಕಲ್ಚರ್ ಪುಡಿಗೆ ದುಡ್ಡು ಸುರಿಯುವುದು ದಂಡ, ಏಕೆಂದರೆ ಆಡಿನ ಹೊಟ್ಟೆಯ ಮೇವಿನಲ್ಲೇ ಸೂಕ್ಷ್ಮಜೀವಿಗಳು ಸಾಕಷ್ಟಿವೆ. ಎರಡು ಮೂರು ವಾರಕ್ಕೊಮ್ಮೆ ತಿರುವಿಹಾಕುತ್ತಿದ್ದರೆ ಮೂರು ನಾಲ್ಕು ತಿಂಗಳಿಗೆ ಸಾರಜನಕ ತುಂಬಿದ ಗೊಬ್ಬರ ಸಿಗುತ್ತದೆ.

ಗುಡ್ಡೆಯ ಸುತ್ತ ನಾಯಿ ನುಗ್ಗದಂತೆ ಜಾಳಿಗೆ ಕಟ್ಟಿಸಲೇಬೇಕು. ಶ್ವಾಸಕೋಶದಲ್ಲಿ ಅಥವಾ ಯಕೃತ್ತಿನಲ್ಲಿ ನೀರುಗುಳ್ಳೆಗಳು ಕಂಡರೆ ಆ ತುಂಡನ್ನು ಬೀದಿನಾಯಿಗೆ ಎಸೆಯುವ ರೂಢಿ ಹಲವೆಡೆ ಇದೆ. ಆ ಗುಳ್ಳೆಗಳಲ್ಲಿರುವ ಲಾಡಿಹುಳುವಿನ ಮರಿಗಳು ನಾಯಿಯ ಕರುಳಲ್ಲಿ ಬೆಳೆದು, ಅದರ ಮಲದ ಮೂಲಕ ಮೊಟ್ಟೆಗಳಾಗಿ ಮೇವಿಗೂ ಮಕ್ಕಳ ಕೈಗೂ ಬರುತ್ತವೆ. ಮನುಷ್ಯರ ಯಕೃತ್ತಿನಲ್ಲೂ ಅದೇ ಗುಳ್ಳೆಗಳು ಏಳುತ್ತವೆ. ಅಂಥ ಅಂಗವನ್ನು ಅರ್ಧ ಗಂಟೆ ಕುದಿಸಿ, ಆಳವಾಗಿ ಹೂಳಬೇಕು.

ಹಂತ 5: ಚರ್ಮ. ಬೆಲೆ ಕುಸಿದಿದೆಯೆಂದು ಚರ್ಮವನ್ನು ರಸ್ತೆಬದಿಗೆ ಎಸೆದರೆ ಮುಂದಿನ ದೂರು ಅಲ್ಲಿಂದಲೇ ಬರುತ್ತದೆ. ಸುಲಿದ ಎರಡು ಮೂರು ಗಂಟೆಯೊಳಗೆ ಮಾಂಸದ ಬದಿಯನ್ನು ಮೇಲೆ ಮಾಡಿ, ಚರ್ಮದ ತೂಕದ ಶೇಕಡ 40ರಷ್ಟು ಹರಳುಪ್ಪನ್ನು ಅಂಚಿನವರೆಗೂ ತಿಕ್ಕಿ, ನೀರು ಇಳಿದುಹೋಗುವಂತೆ ಇಳಿಜಾರಿನಲ್ಲಿ ಒಟ್ಟಬೇಕು. ಒಮ್ಮೆ ಬಳಸಿದ ಉಪ್ಪನ್ನು ಮತ್ತೆ ಬಳಸಿದರೆ ಚರ್ಮದ ಮೇಲೆ ಕೆಂಪು ಕಲೆಗಳು ಏಳುತ್ತವೆ, ವ್ಯಾಪಾರಿ ಮುಟ್ಟುವುದಿಲ್ಲ.

ಹಂತ 6: ತೊಳೆದ ನೀರು. ಜಾಳಿಗೆಯಲ್ಲಿ ಸೋಸಿ, ಜಿಡ್ಡು ತಡೆಯುವ ತೊಟ್ಟಿಯನ್ನು ದಾಟಿಸಿ ಇಂಗುಗುಂಡಿಗೆ ಬಿಡಿರಿ, ಹಳ್ಳಕ್ಕೆ ಬೇಡ.

ಹಂತ 7: ಕೂಲಿ. ಚರ್ಮವನ್ನೋ ತಲೆ-ಕಾಲನ್ನೋ ಖಾಟಿಕರಿಗೆ ಕೂಲಿಯಾಗಿ ಬಿಡುವ ಪದ್ಧತಿ ಹಲವು ಊರುಗಳಲ್ಲಿದೆ. ಚರ್ಮಕ್ಕೆ ಬೆಲೆಯಿದ್ದಾಗ ಅದು ನಡೆಯಿತು. ಈಗ ಹಾಗೆ ಬಿಟ್ಟರೆ ಅವರ ದಿನದ ದುಡಿಮೆ ಬರಿದಾಗಿ ಅವರು ಪುಣೆಯ ಮಟನ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಾರೆ. ಆದ್ದರಿಂದ ಪ್ರಾಣಿಯೊಂದಕ್ಕೆ ಇಷ್ಟು ಎಂದು ನಗದು ದರವನ್ನು ಗೊತ್ತುಮಾಡಿ, ಅದರಲ್ಲಿ ಉಪ್ಪು, ಹೊಟ್ಟು ಮತ್ತು ಗುಡ್ಡೆ ತಿರುವುವ ಆಳಿನ ಖರ್ಚನ್ನೂ ಸೇರಿಸಿ, ಬಾಗಿಲ ಬಳಿ ಮರಾಠಿಯಲ್ಲಿ ಬರೆಸಿ ಹಾಕಿರಿ.