ಕೊರಡಿನ ಬಣ್ಣ ತೊಟ್ಟಿಯ ನೀರಿಗೆ ಇಳಿಯದಂತೆ ನಾನು ಮಾಡಿಕೊಂಡ ಸಿದ್ಧತೆ

ಮೊದಲ ಬಾರಿ ಮೀನಿನ ತೊಟ್ಟಿಗೆ ಡ್ರಿಫ್ಟ್‌ವುಡ್, ಅಂದರೆ ಅಲಂಕಾರಕ್ಕಿಡುವ ಒಣಮರದ ಕೊರಡು, ಇಟ್ಟಾಗ ಅದನ್ನು ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದರೆ ಸಾಕೆಂದು ತಿಳಿದಿದ್ದೆ. ಮೂರನೆಯ ದಿನದ ಹೊತ್ತಿಗೆ 60 ಲೀಟರ್ ನೀರು ಹಾಲು ಬೆರೆಸದ ಚಹಾದ ಬಣ್ಣಕ್ಕೆ ತಿರುಗಿ, ಹಿಂಬದಿಯ ಗಿಡಗಳು ಮಸುಕಾದವು. ನೀರು ಕೆಟ್ಟಿತೆಂದು ಗಾಬರಿಗೊಂಡು ಮುಕ್ಕಾಲು ಪಾಲನ್ನು ಒಮ್ಮೆಲೇ ಬದಲಾಯಿಸಿದೆ. ಮೀನುಗಳು ಆ ಸಂಜೆಯೆಲ್ಲ ಮೂಲೆ ಹಿಡಿದು ನಿಂತವು. ವಾರ ಕಳೆಯುವಷ್ಟರಲ್ಲಿ ಬಣ್ಣವೂ ಮರಳಿತು. ಬಣ್ಣವು ಮೇಲಿನ ಕೊಳೆಯಿಂದಲ್ಲ, ಮರದ ಒಳಗಿರುವ ಟ್ಯಾನಿನ್ ಎಂಬ ಕಂದು ಬಣ್ಣ ಬಿಡುವ ಪದಾರ್ಥದಿಂದ ಬರುತ್ತದೆ, ಅದನ್ನು ಉಜ್ಜಿ ತೆಗೆಯಲಾಗದು, ನೆನೆಸಿ ಹೊರಗೆಳೆಯಬೇಕು ಎಂಬುದು ಆಗ ನನಗೆ ಮನದಟ್ಟಾಯಿತು.

ಎರಡನೆಯ ಬಾರಿ ಒಂದು ಅಡಿ ಉದ್ದದ ಮೋಪಾನಿ ಕೊರಡನ್ನು ತಂದೆ. ಇದು ಗಟ್ಟಿ ಮರ, ಭಾರಕ್ಕೆ ತಾನಾಗಿಯೇ ಮುಳುಗುತ್ತದೆ, ಆದರೆ ಬಣ್ಣ ಬಿಡುವುದರಲ್ಲಿ ಬಹಳ ಮುಂದು. ಮೊದಲು ಉಗುರಿನಿಂದ ಅಲ್ಲಲ್ಲಿ ಒತ್ತಿ ನೋಡಿದೆ. ಉಗುರು ಇಳಿಯುವಷ್ಟು ಮೆತ್ತಗಾದ ಕಡೆ ಕೊಳೆತಿದೆ ಎಂದರ್ಥ, ಅದನ್ನು ಚಾಕುವಿನಿಂದ ಕೆತ್ತಿ ತೆಗೆದೆ. ಸಡಿಲವಾದ ತೊಗಟೆಯನ್ನೂ ಕಿತ್ತು, ಗಡಸು ಬ್ರಷ್‌ನಿಂದ ಬರೀ ನೀರಿನಲ್ಲಿ ಉಜ್ಜಿದೆ. ಸೋಪನ್ನು ಮಾತ್ರ ಮುಟ್ಟಲಿಲ್ಲ, ಏಕೆಂದರೆ ಮರ ಅದನ್ನು ಹೀರಿಕೊಂಡು ಆಮೇಲೆ ತೊಟ್ಟಿಯಲ್ಲಿ ಬಿಡುತ್ತದೆ.

ಬಳಿಕ ಅಡುಗೆಗೆ ಬಳಸದ ದೊಡ್ಡ ಪಾತ್ರೆಯಲ್ಲಿ ಕೊರಡು ಪೂರ್ತಿ ಮುಳುಗುವಂತೆ ನೀರು ತುಂಬಿ ಕುದಿಸಿದೆ. ನೀರು ಬಿಸಿಯೇರುತ್ತಿದ್ದಂತೆ ಕೊಯ್ದ ತುದಿಯ ಸಣ್ಣ ರಂಧ್ರಗಳಿಂದ ಗುಳ್ಳೆಗಳು ಎಳೆಎಳೆಯಾಗಿ ಏಳತೊಡಗಿದವು. ಒಳಗಿನ ಗಾಳಿ ಹೊರಬಿದ್ದು ಆ ಜಾಗಕ್ಕೆ ನೀರು ಸೇರುವ ಗುರುತು ಅದು. ತೇಲುವ ಕೊರಡು ಮುಳುಗಲು ಕಲಿಯುವುದೂ ಹೀಗೆಯೇ. ಒಂದು ಗಂಟೆಯ ನಂತರ ನೀರು ಕಡುಗಂದಾಗಿತ್ತು. ಅದನ್ನು ಚೆಲ್ಲಿ, ಹೊಸ ನೀರಿನಲ್ಲಿ ಇನ್ನೊಂದು ಗಂಟೆ ಕುದಿಸಿ, ಅಲ್ಲಿಗೆ ಒಲೆ ಆರಿಸಿದೆ. ಬಣ್ಣ ಪೂರ್ತಿ ನಿಲ್ಲುವವರೆಗೂ ಕುದಿಸುತ್ತಲೇ ಇರಬೇಕೆಂಬ ಆಸೆ ಬರುವುದು ಸಹಜ, ಆದರೆ ಅತಿಯಾಗಿ ಕುದಿಸಿದರೆ ಮರದ ನಾರು ಸಡಿಲಗೊಂಡು ತೊಟ್ಟಿಯಲ್ಲಿ ಬೇಗ ಕೊಳೆಯುತ್ತದೆ.

ಉಳಿದ ಕೆಲಸವನ್ನು ಬಕೆಟ್ಟಿಗೆ ಬಿಟ್ಟೆ. ದಿನಕ್ಕೊಮ್ಮೆ ನೀರು ಬದಲಾಯಿಸುವಾಗ ಹಳೆಯ ನೀರನ್ನು ಬಿಳಿ ಪಿಂಗಾಣಿ ಬಟ್ಟಲಿಗೆ ಸ್ವಲ್ಪ ಸುರಿದು ನೋಡುತ್ತಿದ್ದೆ, ಏಕೆಂದರೆ ಬಕೆಟ್ಟಿನಲ್ಲಿ ತಿಳಿಯಾಗಿ ಕಂಡ ನೀರು ಬಿಳಿಯ ಮೇಲೆ ಹಳದಿಯಾಗಿ ಕಾಣುತ್ತದೆ. ಮೊದಲ ವಾರ ಜೇನಿನ ಬಣ್ಣ, ಎರಡನೆಯ ವಾರ ಒಣಹುಲ್ಲಿನ ಬಣ್ಣ. ಹದಿನೇಳನೆಯ ದಿನ ಬಟ್ಟಲಿನಲ್ಲಿ ಕಾಣಿಸೀ ಕಾಣಿಸದಷ್ಟು ಛಾಯೆ ಉಳಿದಾಗ ಕೊರಡನ್ನು ತೊಟ್ಟಿಗೆ ಇಳಿಸಿದೆ.

ಉಳಿದ ಅಲ್ಪ ಬಣ್ಣಕ್ಕಾಗಿ ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ (ಬಣ್ಣ ಹೀರುವ ಇದ್ದಿಲು) ಚೀಲ ಇಟ್ಟು, ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಕ್ಲೋರಿನ್ ನಿವಾರಿಸಿದ ನೀರಿನಿಂದ ಬದಲಾಯಿಸಿದೆ. ಕಾರ್ಬನ್ ಕೆಲವು ವಾರಗಳಲ್ಲಿ ತನ್ನ ಶಕ್ತಿ ಕಳೆದುಕೊಳ್ಳುವುದರಿಂದ ತಿಂಗಳಾದ ಮೇಲೆ ಹೊಸದನ್ನು ಹಾಕಿದೆ. ಟ್ಯಾನಿನ್ ಮೀನಿಗೆ ವಿಷವಲ್ಲ, ಬೆಟ್ಟಾ ಮತ್ತು ಟೆಟ್ರಾಗಳು ಮೂಲತಃ ಇಂಥ ಕಂದು ನೀರಿನಲ್ಲೂ ಬದುಕುವಂಥವು. ಆದರೆ ಕಾರ್ಬೊನೇಟ್ ಗಡಸುತನ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಗುಣ) ಕಡಿಮೆಯಿರುವ ನೀರಿನಲ್ಲಿ ಟ್ಯಾನಿನ್ ಪಿಎಚ್ ತಗ್ಗಿಸಿ ನೀರನ್ನು ಆಮ್ಲೀಯವಾಗಿಸಬಲ್ಲದಾದ್ದರಿಂದ ಮೊದಲ ತಿಂಗಳು ಆಗಾಗ ಅಳೆಯುತ್ತಿದ್ದೆ.

ತೊಟ್ಟಿಗೆ ಇಳಿಸಿದ ಐದನೆಯ ದಿನ ಕೊರಡಿನ ಮೇಲೆ ಬಿಳಿಯ ಲೋಳೆ ಹತ್ತಿಯಂತೆ ಹಬ್ಬಿತು. ಹೊಸ ಮರದಲ್ಲಿರುವ ಸಕ್ಕರೆಯಂಥ ಪದಾರ್ಥಗಳನ್ನು ತಿಂದು ಬೆಳೆಯುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ಪದರ ಅದು, ಮೀನಿಗೆ ಅಪಾಯವಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎರಡು ಸಲ ತೆಗೆದೆ. ಮೂರನೆಯ ಸಲ ತೆಗೆಯುವ ಅಗತ್ಯವೇ ಬೀಳಲಿಲ್ಲ, ತೊಟ್ಟಿಯ ಬಸವನಹುಳುಗಳು ಅದನ್ನು ಮೇಯ್ದು ಮುಗಿಸಿದ್ದವು.