ಹಳೇ ಮಸ್ಟ್ಯಾಂಗ್‌ನ ಸೊಂಟ ಗಟ್ಟಿ ಮಾಡುವುದು ಹೇಗೆ?

ಮುಂದಿನ ಒಂದು ಚಕ್ರವನ್ನು ಫುಟ್‌ಪಾತ್ ಅಂಚಿಗೆ ಹತ್ತಿಸಿ ಕಾರು ನಿಲ್ಲಿಸಿ. ಇಳಿದು ಬಾಗಿಲು ಹಾಕಿ ನೋಡಿ. ಸಲೀಸಾಗಿ ಕೂತರೆ ಸರಿ. ಸಮನೆಲದಲ್ಲಿ ಸರಿಯಾಗಿ ಕೂರುವ ಬಾಗಿಲು ಇಲ್ಲಿ ಎಲ್ಲೋ ತಾಗಿ, ಎತ್ತಿ ಹಾಕಬೇಕಾಗಿ ಬಂದರೆ ಕಾರಿನ ಮೈ ತಿರುಚಿಕೊಳ್ಳುತ್ತಿದೆ ಎಂದರ್ಥ. ಬಾಗಿಲಿನ ತಪ್ಪೇನೂ ಇಲ್ಲ, ಅದರ ಚೌಕಟ್ಟೇ ಓರೆಯಾಗಿದೆ.

ನಾನಿರುವ ಅಮೆರಿಕದ ಮಿಷಿಗನ್‌ನಲ್ಲಿ ಈ ಪರೀಕ್ಷೆಯಲ್ಲಿ ಫೇಲಾಗುವ ಕಾರುಗಳಿಗೆ ಬರವಿಲ್ಲ. ಅದರಲ್ಲೂ 1979ರಿಂದ 1993ರವರೆಗಿನ ಫೋರ್ಡ್ ಮಸ್ಟ್ಯಾಂಗ್. ಇವನ್ನು ಇಲ್ಲಿ 'ಫಾಕ್ಸ್ ಬಾಡಿ' ಅಂತಾರೆ. ಬಹುಪಾಲು ನಮ್ಮ ಪಕ್ಕದ ಡಿಯರ್‌ಬಾರ್ನ್‌ನಲ್ಲೇ ತಯಾರಾದವು. 1978ರ ಫೇರ್‌ಮಾಂಟ್ ಎಂಬ ಸಾಧು ಸಂಸಾರಿ ಕಾರಿಗಾಗಿ ಹುಟ್ಟಿದ ತಳ ಅದು. ಅದರ ಮೇಲೆ 1987ರ ಹೊತ್ತಿಗೆ 225 ಕುದುರೆಶಕ್ತಿಯ ವಿ8 ಎಂಜಿನ್ ಕೂರಿಸಿದರು. ಎಂಜಿನ್ ಬೆಳೆಯಿತು, ಸೊಂಟ ಮಾತ್ರ ಹಳೆಯದೇ ಉಳಿಯಿತು.

ಸೊಂಟ ಅಂದಿದ್ದು ಸುಮ್ನೆ ಅಲ್ಲ. ಈ ಕಾರಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇಲ್ಲ. ಮುಂದೆ ಎಂಜಿನ್ ಹೊರಲು ಎರಡು ದಪ್ಪ ರೈಲು (ಅಂದರೆ ಉದ್ದನೆಯ ಉಕ್ಕಿನ ತೊಲೆ), ಹಿಂದೆ ಆಕ್ಸಲ್ ಹಿಡಿಯಲು ಎರಡು ರೈಲು. ಮುಂದಿನವು ಸೀಟಿನ ಹತ್ತಿರ ಬಂದು ಮುಗಿಯುತ್ತವೆ, ಹಿಂದಿನವು ಹಿಂದಿನ ಸೀಟಿನ ಬಳಿ ಶುರುವಾಗುತ್ತವೆ. ನಡುವೆ ಇರುವುದು ಒಂದು ಮಿಲಿಮೀಟರ್ ಆಸುಪಾಸಿನ ತಗಡಿನ ನೆಲ ಮತ್ತು ಬಾಗಿಲ ಕೆಳಗಿನ ಹೊಸ್ತಿಲು. ಕಡ್ಡಿಪೊಟ್ಟಣದ ಒಳಗಿನ ಡಬ್ಬಿಯನ್ನು ಹೊರಗೆಳೆದು ತಿರುಚಿ ನೋಡಿ, ಸುಲಭವಾಗಿ ತಿರುಗುತ್ತದೆ. ಕವಚದೊಳಗೆ ತಳ್ಳಿ ತಿರುಚಿ, ಬಗ್ಗುವುದಿಲ್ಲ. ಗಟ್ಟಿ ತಾರಸಿ ಇರುವ ಕಾರಿಗೂ ತಾರಸಿ ಮಡಚುವ ಕನ್ವರ್ಟಿಬಲ್‌ಗೂ ಇಷ್ಟೇ ವ್ಯತ್ಯಾಸ.

ಇದಕ್ಕೆ ಮದ್ದು ಸಬ್‌ಫ್ರೇಮ್ ಕನೆಕ್ಟರ್. ಮುಂದಿನ ರೈಲಿಗೂ ಹಿಂದಿನ ರೈಲಿಗೂ ನಡುವೆ ಬೆಸೆಯುವ ಎರಡು ಚೌಕ ಪೈಪುಗಳು. ಒಂದೂವರೆ ಇಂಚಿನ, ಎರಡೂವರೆ ಮಿಲಿಮೀಟರ್ ದಪ್ಪದ ಪೈಪು ಸಾಕು. ಜೋಡಿಯ ತೂಕ ಹತ್ತು ಕೆ.ಜಿ. ಆಸುಪಾಸು. ಸೀಟಿನ ಬೋಲ್ಟುಗಳಿಗೂ ಅಡ್ಡಪಟ್ಟಿ ಕೊಟ್ಟಿರುವ ಉದ್ದನೆಯ ಬಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಬೋಲ್ಟಿನಲ್ಲಿ ಕೂರಿಸುವ ಬಗೆಯೂ ಇದೆ, ನಾನು ಹೇಳುವುದಿಲ್ಲ. ತೂತು ಸವೆದ ಮೇಲೆ ಅದೂ ಒಂದು ಗಡಗಡ ಸದ್ದಾಗುತ್ತದೆ.

ಮೊದಲು ತುಕ್ಕು ನೋಡಿ

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಮೇಲೆ ಫಳಫಳ ಹೊಳೆಯುವ ಕಾರಿನ ತಳ ಹಪ್ಪಳದ ಹಾಗಿರಬಹುದು. ಸ್ಕ್ರೂಡ್ರೈವರ್ ತಗೊಂಡು ರೈಲುಗಳ ತುದಿ, ಹೊಸ್ತಿಲು, ನೆಲ ಎಲ್ಲ ಕಡೆ ಜೋರಾಗಿ ಚುಚ್ಚಿ. ಹಿಂದಿನ ಕಂಟ್ರೋಲ್ ಆರ್ಮ್ (ಚಕ್ರದ ಭಾಗವನ್ನು ಕಾರಿನ ಮೈಗೆ ಹಿಡಿದಿಡುವ ತೋಳು) ಸೇರುವ ಪೆಟ್ಟಿಗೆಯಂಥ ಜಾಗವನ್ನು ಟಾರ್ಕ್ ಬಾಕ್ಸ್ ಅಂತಾರೆ. ಈ ಕಾರುಗಳಲ್ಲಿ ಅದು ಹರಿದುಕೊಳ್ಳುವುದು ಜಾಸ್ತಿ, ಅಲ್ಲಿ ಬಿರುಕಿದೆಯೇ ಅಂತ ಟಾರ್ಚ್ ಹಿಡಿದು ನೋಡಿ. ಚುಚ್ಚಿದ್ದು ಒಳಗೆ ಹೋದರೆ ಮೊದಲು ಆ ತಗಡು ಕತ್ತರಿಸಿ ಹೊಸದು ಹಾಕಿ. ಕೊಳೆತ ತಗಡಿಗೆ ಬೆಸೆದ ಪೈಪು ಯಾವ ಕೆಲಸಕ್ಕೂ ಬಾರದು.

ಕಾರು ನಿಲ್ಲಿಸುವ ಬಗೆ

ಇಡೀ ಕೆಲಸದ ಜೀವ ಇಲ್ಲಿದೆ. ವೆಲ್ಡಿಂಗ್ ಚೆನ್ನಾಗಿ ಬರುವವರೂ ಎಡವುವುದು ಇಲ್ಲೇ.

ನನ್ನ ಗೆಳೆಯನೊಬ್ಬ ತನ್ನ ಕನ್ವರ್ಟಿಬಲ್ ಅನ್ನು ಎರಡು ಕಂಬದ ಲಿಫ್ಟ್‌ಗೆ ಏರಿಸಿ ವೆಲ್ಡ್ ಮಾಡಿಸಿದ. ಆ ಲಿಫ್ಟ್ ಕಾರನ್ನು ನಡುವಿನಲ್ಲಿ ಹಿಡಿದು ಎತ್ತುತ್ತದೆ. ನಾಲ್ಕೂ ಚಕ್ರ ಜೋತಾಡುತ್ತವೆ, ಎಂಜಿನ್ ಭಾರಕ್ಕೆ ಮೂತಿ ಕೆಳಗೆ ಜಗ್ಗುತ್ತದೆ. ಅದೇ ಬಾಗಿದ ಆಕಾರದಲ್ಲಿ ಪೈಪು ಬೆಸೆದರೆ ಕಾರು ಹಾಗೇ ಉಳಿಯುತ್ತದೆ. ಕೆಳಗಿಳಿಸಿದಾಗ ಬಾಗಿಲಿನ ಮೇಲ್ಗಡೆ ಸಂದಿಯಲ್ಲಿ ಬೆರಳು ತೂರುತ್ತಿತ್ತು, ಕೆಳಗಡೆ ಕಾಗದವೂ ತೂರುತ್ತಿರಲಿಲ್ಲ. ಗ್ರೈಂಡರ್ ಹಿಡಿದು ಎಲ್ಲ ಕತ್ತರಿಸಿ ಮತ್ತೆ ಮಾಡಬೇಕಾಯಿತು.

ಹಾಗಾಗಿ ಕಾರು ರಸ್ತೆಯ ಮೇಲೆ ನಿಂತ ಹಾಗೇ ನಿಲ್ಲಬೇಕು, ತನ್ನ ಭಾರವನ್ನು ತನ್ನ ಚಕ್ರಗಳ ಮೇಲೇ ಹೊತ್ತುಕೊಂಡು. ನಾಲ್ಕು ಕಂಬದ ಲಿಫ್ಟ್ ಒಳ್ಳೆಯದು, ಅದರಲ್ಲಿ ಕಾರು ಹಳಿಯ ಮೇಲೆ ಚಕ್ರ ಊರಿ ನಿಲ್ಲುತ್ತದೆ. ಇಲ್ಲದಿದ್ದರೆ ನಾಲ್ಕೂ ಚಕ್ರಕ್ಕೆ ಒಂದೇ ಎತ್ತರದ ಗಟ್ಟಿ ರ‍್ಯಾಂಪು. ಜಾಕಿ ಸ್ಟ್ಯಾಂಡೇ ಗತಿ ಎನ್ನುವವರು ಹಿಂದೆ ಆಕ್ಸಲ್ ಕೆಳಗೆ, ಮುಂದೆ ಕೆಳಗಿನ ಕಂಟ್ರೋಲ್ ಆರ್ಮ್ ಕೆಳಗೆ ಕೊಡಿ. ತಳದ ತಗಡಿಗೆ, ರೈಲಿಗೆ ಬೇಡ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡಿ.

ಕಾರು ಕುಂತ ಮೇಲೆ ಎರಡೂ ಬಾಗಿಲು ತೆರೆದು ಮುಚ್ಚಿ ನೋಡಿ. ಸಂದಿಗಳನ್ನು ಅಳೆದು ಮಾಸ್ಕಿಂಗ್ ಟೇಪಿನ ಮೇಲೆ ಬರೆದಿಡಿ. ತಳದಲ್ಲಿ ಮೂಲೆಯಿಂದ ಮೂಲೆಗೂ ಅಳೆಯಿರಿ. ಮುಂದೆ ಈ ಅಂಕಿಗಳೇ ನಿಮ್ಮ ಸಾಕ್ಷಿ.

ಬೆಂಕಿಗೆ ಮುನ್ನ

ಸೀಟುಗಳನ್ನೂ ಕಾರ್ಪೆಟ್ಟನ್ನೂ ಪೂರ್ತಿ ಹೊರಗೆ ತೆಗೆಯಿರಿ. ಮಡಚಿಟ್ಟರೆ ಸಾಲದು. ಕಾರ್ಪೆಟ್ಟಿನ ಕೆಳಗೆ ಟಾರಿನ ಹಾಳೆ ಅಂಟಿಸಿರುತ್ತಾರೆ, ಬೆಸುಗೆ ಬೀಳುವ ಕಡೆ ಅದನ್ನೂ ಕೆರೆಯಿರಿ. ಕೆಳಗೆ ವೆಲ್ಡ್ ಮಾಡುವವನಿಗೆ ಒಳಗೆ ಹೊಗೆಯಾಡುವುದು ಕಾಣುವುದೇ ಇಲ್ಲ. ಇನ್ನೊಬ್ಬರು ಒಳಗೆ ಕಣ್ಣಿಟ್ಟು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಇರಲೇಬೇಕು. ಒಬ್ಬರೇ ಮಾಡುವ ಕೆಲಸ ಅಲ್ಲ ಇದು.

ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲ ತಳದಲ್ಲೇ ಓಡುತ್ತವೆ. ಕ್ಲಿಪ್ಪು ಬಿಚ್ಚಿ ಪಕ್ಕಕ್ಕೆ ಸರಿಸಿ, ವೆಲ್ಡಿಂಗ್ ಕಂಬಳಿ ಹೊದಿಸಿ. ಸರಿಸಲಾಗದಿದ್ದರೆ ಬಿಚ್ಚಿಡಿ. ಬ್ಯಾಟರಿ ತಂತಿ ತೆಗೆಯಿರಿ. 5.0 ಲೀಟರಿನ ವಿ8 ಎಂಜಿನ್‌ಗಳಿಗೆಲ್ಲ 1986ರಿಂದ ಕಂಪ್ಯೂಟರ್ ಹಿಡಿತದ ಫ್ಯೂಯೆಲ್ ಇಂಜೆಕ್ಷನ್ ಇದೆ. ಆ ಕಂಪ್ಯೂಟರ್ ಮುಂದಿನ ಪ್ರಯಾಣಿಕರ ಕಾಲಿನ ಪಕ್ಕದ ಹಲಗೆಯ ಹಿಂದಿದೆ, ಅದರ ಪ್ಲಗ್ಗೂ ಕಳಚಿ.

ಇನ್ನು ಕೊಳೆ. ತಳದ ಕಪ್ಪು ಲೇಪ, ಪೇಂಟ್, ಗ್ರೀಸ್ ಎಲ್ಲವನ್ನೂ ಕೆರೆದು, ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಬೆಳ್ಳಗೆ ಹೊಳೆಯುವ ಕಬ್ಬಿಣ ಕಾಣಿಸಿ. ಬೇಜಾರಿನ ಕೆಲಸ, ಅರ್ಧ ದಿನ ನುಂಗುತ್ತದೆ. ಆದರೆ ಬ್ರೇಕ್ ಕ್ಲೀನರ್ ಸಿಂಪಡಿಸಿ ಬೇಗ ಮುಗಿಸೋಣ ಅನ್ನಬೇಡಿ. ಕ್ಲೋರಿನ್ ಬೆರೆತ ಕ್ಲೀನರ್‌ನ ಆವಿಗೆ ವೆಲ್ಡಿಂಗ್ ಬೆಳಕು ತಾಗಿದರೆ ಫಾಸ್ಜೀನ್ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಮೇಲೆ ಬಿಟ್ಟ ವಿಷಾನಿಲ ಅದೇ. ಸತು ಲೇಪಿಸಿದ ತಗಡಿನ ಬಿಳಿ ಹೊಗೆ ಕುಡಿದರೂ ರಾತ್ರಿ ಚಳಿಜ್ವರ ಗ್ಯಾರಂಟಿ. ಗ್ಯಾರೇಜಿನ ಷಟರ್ ತೆರೆದಿಡಿ, ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕಿ.

ಬೆಸುಗೆ

ಪೈಪನ್ನು ಜಾಕಿಯಿಂದ ಮೆಲ್ಲಗೆ ಒತ್ತಿ ತಳಕ್ಕೆ ತಾಗಿಸಿ. ತಾಗಿದರೆ ಸಾಕು. ಜಾಸ್ತಿ ಒತ್ತಿದರೆ ಕಾರಿನ ಭಾರ ಪೈಪಿನ ಮೇಲೆ ಬಂದು, ಅಷ್ಟು ಕಷ್ಟಪಟ್ಟು ಕೂರಿಸಿದ ಕಾರು ಮತ್ತೆ ಬಾಗುತ್ತದೆ. ಸೈಲೆನ್ಸರ್ ಪೈಪಿಗೆ ತಾಗುತ್ತದೆಯೇ ನೋಡಿ.

ಮಿಗ್ ವೆಲ್ಡರ್ (ತಂತಿಯನ್ನು ತಾನೇ ಉಣಿಸುವ ವೆಲ್ಡಿಂಗ್ ಯಂತ್ರ), 0.8 ಮಿ.ಮೀ. ತಂತಿ, ಶೇ. 75 ಆರ್ಗಾನ್ ಮತ್ತು ಶೇ. 25 ಕಾರ್ಬನ್ ಡೈಆಕ್ಸೈಡ್ ಇರುವ ಗ್ಯಾಸ್. ಮೊದಲು ನಾಲ್ಕೂ ತುದಿಗೆ ಒಂದೊಂದು ಚುಕ್ಕೆ ಹಾಕಿ. ಎದ್ದು ಹೋಗಿ ಬಾಗಿಲ ಸಂದಿ ಅಳೆಯಿರಿ. ಅಂಕಿ ಬದಲಾಗಿದ್ದರೆ ಚುಕ್ಕೆ ಒಡೆದು ಮತ್ತೆ ಹೊಂದಿಸುವುದು ಎರಡು ನಿಮಿಷದ ಕೆಲಸ. ಆಮೇಲಾದರೆ ನನ್ನ ಗೆಳೆಯನ ಕತೆ.

ಸರಿಯಿದ್ದರೆ ಇಂಚಿಂಚಾಗಿ ಬೆಸೆಯಿರಿ. ಎಡ ಪೈಪಿನ ಮುಂದೆ ಒಂದಿಂಚು, ಬಲ ಪೈಪಿನ ಹಿಂದೆ ಒಂದಿಂಚು, ಹೀಗೆ ಜಾಗ ಬದಲಿಸುತ್ತಾ ಹೋಗಿ. ಒಂದೇ ಉಸಿರಿಗೆ ಉದ್ದ ಗೆರೆ ಎಳೆದರೆ ಕಾದ ತಗಡು ಆರುವಾಗ ಸೆಳೆದುಕೊಂಡು ಸೊಟ್ಟಗಾಗುತ್ತದೆ. ಉರಿಯನ್ನು ದಪ್ಪ ಪೈಪಿನ ಕಡೆ ಹಿಡಿದು, ಕರಗಿದ ಲೋಹವನ್ನು ತೆಳು ತಗಡಿನ ಮೇಲೆ ಹರಿಸಿ. ಉಲ್ಟಾ ಮಾಡಿದರೆ ನೆಲಕ್ಕೆ ತೂತು.

ತಲೆ ಮೇಲಿನ ವೆಲ್ಡಿಂಗ್ ಆದ್ದರಿಂದ ಕಿಡಿ ಎಲ್ಲ ನಿಮ್ಮ ಮೇಲೇ. ಚರ್ಮದ ಜಾಕೆಟ್, ಹೆಲ್ಮೆಟ್ಟಿನೊಳಗೆ ಟೋಪಿ, ಕಿವಿಗೆ ಬಿರಡೆ. ಕಿವಿಯೊಳಗೆ ಕಿಡಿ ಬೀಳುವ 'ಚುಂಯ್' ಸದ್ದು ಒಮ್ಮೆ ಕೇಳಿದವನು ಬಿರಡೆ ಮರೆಯುವುದಿಲ್ಲ. ನಾನು ಮರೆತಿಲ್ಲ.

ಮುಗಿದ ಮೇಲೂ ಒಂದು ಗಂಟೆ ಕಾರಿನ ಹತ್ತಿರವೇ ಇರಿ. ಬೆಂಕಿ ಹೊಗೆಯಾಡುತ್ತಾ ಕೂತು ತಡವಾಗಿ ಎದ್ದೀತು. ತಣ್ಣಗಾದ ಮೇಲೆ ಪ್ರೈಮರ್, ಕೀಲುಗಳಿಗೆ ಸೀಲರ್, ಮೇಲೆ ಪೇಂಟ್, ಪೈಪಿನೊಳಗೆ ತುಕ್ಕು ತಡೆಯುವ ಮೇಣ. ಬೆಸೆದ ಕಡೆ ಒಳಗಿನ ನೆಲದಲ್ಲೂ ಪೇಂಟ್ ಸುಟ್ಟಿರುತ್ತದೆ, ಅಲ್ಲಿಗೂ ಬಳಿಯಿರಿ.

ಊರಿನ ಗ್ಯಾರೇಜಿನಲ್ಲಿ ಮಾಡಿಸಬಹುದಾ ಅಂತ ಕೇಳುವವರಿಗೆ ಒಂದು ಮಾತು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ಗ್ರೈಂಡರ್ ಹಿಡಿಯಿರಿ.

ಮೊದಲ ಓಡಾಟಕ್ಕೆ ರೈಲ್ವೆ ಹಳಿ ದಾಟುವ ರಸ್ತೆ ಹಿಡಿಯಿರಿ. ಸ್ಟಿಯರಿಂಗ್ ನಡುಗುವುದು, ಡ್ಯಾಷ್‌ಬೋರ್ಡ್ ಕಿರಗುಟ್ಟುವುದು ಎರಡೂ ಕಡಿಮೆಯಾಗಿರಬೇಕು. ಆದರೂ ಹಿಂದಿನಿಂದ ಧಡ್ ಅಂತ ಸದ್ದು ಬಂದರೆ ಪೈಪನ್ನು ಬೈಯಬೇಡಿ. ಅದು ಕೀಲಿನಲ್ಲಿರುವ ಸವೆದ ರಬ್ಬರ್ ಬುಷ್ ಇರಬೇಕು. ಇಷ್ಟು ದಿನ ಉಳಿದ ಗದ್ದಲದಲ್ಲಿ ಅದು ಕೇಳಿಸುತ್ತಿರಲಿಲ್ಲ, ಅಷ್ಟೇ.