ನಮ್ಮ ಕಲಬುರಗಿ ಮನೆಯಲ್ಲಿ ಮಾಂಸದ ಫಾಂಡ್ಯೂ

ಫಾಂಡ್ಯೂ ಅಂದ್ರೆ ಕರಗಿಸಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವ ಸ್ವಿಟ್ಜರ್‌ಲೆಂಡಿನ ತಿನಿಸು ಒಂದೇ ಅಲ್ಲ. ಮೇಜಿನ ಮಧ್ಯೆ ಕಾದ ಎಣ್ಣೆ ಇಟ್ಟು, ಉದ್ದ ಫೋರ್ಕಿಗೆ ಮಾಂಸ ಚುಚ್ಚಿ, ಅವರವರೇ ಕರಿದು ತಿನ್ನುವ ಬಗೆಯೂ ಇದೆ. ನಾನು ಮಾಡೋದು ಅದನ್ನೇ.

ನಾಲ್ಕು ಜನಕ್ಕೆ 800 ಗ್ರಾಂ ಎಲುಬಿಲ್ಲದ ಚಿಕನ್ ಸಾಕು. ಮಟನ್ ಬೇಡ, ಅಷ್ಟು ಬೇಗ ಮೆತ್ತಗಾಗುವುದಿಲ್ಲ. 2 ಸೆಂಟಿಮೀಟರ್ ತುಂಡು ಮಾಡಿ, ಬಟ್ಟೆಯಲ್ಲಿ ಒತ್ತಿ ಒರೆಸಿ. ಮೊದಲ ಸಲ ನಾನು ತೊಳೆದದ್ದನ್ನು ಹಾಗೇ ಇಳಿಸಿದ್ದೆ. ಎಣ್ಣೆ ಚಟಪಟ ಸಿಡಿದು ನಮ್ಮ ಮಾವನ ಬಿಳಿ ಅಂಗಿ ತುಂಬ ಚುಕ್ಕೆ! ಉಪ್ಪು ಕರಿದ ಮೇಲೆ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ.

ದಪ್ಪ ತಳದ ಸ್ಟೀಲ್ ಪಾತ್ರೆಗೆ ಶೇಂಗಾ ಎಣ್ಣೆ, ಅರ್ಧಕ್ಕಿಂತ ಜಾಸ್ತಿ ಬೇಡ. ಇಂಡಕ್ಷನ್ ಒಲೆ ಮೇಲೆ 180 ಡಿಗ್ರಿ. ವೈರ್ ಕಾಲಿಗೆ ಸಿಗದಂತೆ ನೋಡಿಕೊಳ್ಳಿ. ಒಮ್ಮೆಗೆ ನಾಲ್ಕೇ ಫೋರ್ಕ್, ಇಲ್ಲದಿದ್ದರೆ ಎಣ್ಣೆ ತಣ್ಣಗಾಗುತ್ತದೆ. ಮೂರು ನಿಮಿಷದ ಮೇಲೆ ಒಂದು ತುಂಡು ಕೊಯ್ದು ನೋಡಿ. ಒಳಗೆ ಗುಲಾಬಿ ಬಣ್ಣ ಕಂಡರೆ ಮತ್ತೆ ಎಣ್ಣೆಗೆ ಇಳಿಸಿ. ಕರಿದ ಫೋರ್ಕನ್ನೇ ಬಾಯಿಗಿಡಬೇಡಿ, ತುಟಿ ಸುಡುತ್ತದೆ. ಹಸಿ ಮಾಂಸದ ತಟ್ಟೆ ಬೇರೆಯೇ ಇರಲಿ.

ನಂಜಿಕೊಳ್ಳಲು ಮೊಸರಲ್ಲಿ ಕಲಸಿದ ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ), ಹೆಚ್ಚಿದ ಉಳ್ಳಾಗಡ್ಡಿ, ನಿಂಬೆಹಣ್ಣು. ಜೊತೆಗೆ ಖಡಕ್ ರೊಟ್ಟಿ. ಬ್ರೆಡ್ ತಂದಿಟ್ಟರೆ ನಮ್ಮನೇಲಿ ಯಾರೂ ಮುಟ್ಟಲ್ಲ.